ಏಳು, ಹನ್ನೊಂದು, ಇಪ್ಪತ್ತು: ಆಫೀಸು ಬಿಡದೆ ಡಿಗ್ರಿ ಮುಗಿಸಿದ ಲೆಕ್ಕ

2022ರ ಜುಲೈ 31 ಭಾನುವಾರ. ಇನ್ಕಮ್ ಟ್ಯಾಕ್ಸ್ ರಿಟರ್ನ್ ಹಾಕಲು ಕೊನೆಯ ದಿನ. ಡೇಟ್ ಮುಂದಕ್ಕೆ ಹೋಗುತ್ತೆ ಅಂತ ಎಲ್ಲರೂ ಕಾದರು, ಹೋಗಲಿಲ್ಲ. ಬೆಂಗಳೂರಿನ ಗಾಂಧಿನಗರದ ನಮ್ಮ ಆಡಿಟರ್ ಆಫೀಸಿನಲ್ಲಿ ಆ ವಾರವೆಲ್ಲ ರಾತ್ರಿ ಹತ್ತರವರೆಗೆ ಲೈಟ್ ಉರಿಯುತ್ತಿತ್ತು. ಸೋಮವಾರ ಸಂಜೆ ಕಾಲೇಜಿಗೆ ಹೋದೆ. ಪಕ್ಕದಲ್ಲಿ ಕೂರುವ ಗೆಳತಿ ಕೇಳಿದಳು, "ಶನಿವಾರ ಟೆಸ್ಟ್‌ಗೆ ಯಾಕೆ ಬರಲಿಲ್ಲ?"

ಯಾವ ಟೆಸ್ಟು?

ಕಾಲೇಜಿನ ವಾಟ್ಸಾಪ್ ಗ್ರೂಪಿನಲ್ಲಿ ನಾನು ಓದದೇ ಬಿಟ್ಟ 140 ಮೆಸೇಜು ಇದ್ದವು. ಅದರ ಮಧ್ಯೆ ಎಲ್ಲೋ ಒಂದು ಫೋಟೋ. ಅದರಲ್ಲಿ ಟೈಮ್‌ಟೇಬಲ್. ನಮ್ಮ ಬ್ಯಾಚಿನಲ್ಲಿ ನೂರಕ್ಕೆ 60 ಅಂಕ ಪರೀಕ್ಷೆಗೆ, 40 ಇಂಟರ್ನಲ್ಸ್‌ಗೆ. ಆ ನಲವತ್ತರಲ್ಲಿ ಒಂದು ಟೆಸ್ಟಿನ ಅಂಕ ಹಾಗೇ ಸೊನ್ನೆ ಆಯಿತು. ಮೇಷ್ಟ್ರ ಹತ್ತಿರ ಹೋಗಿ ನಿಂತೆ. "ನೀವೆಲ್ಲ ಕೆಲಸ ಮಾಡುವವರೇ ಅಲ್ವಾ? ಒಬ್ಬರಿಗೆ ಬಿಟ್ಟರೆ ಎಲ್ಲರಿಗೂ ಬಿಡಬೇಕು" ಅಂದರು. ಅವರು ಹೇಳಿದ್ದು ಸರಿಯಾಗೇ ಇತ್ತು, ಅದೇ ಬೇಜಾರು.

2021ರಲ್ಲಿ ಬಿ.ಕಾಂ.ಗೆ ಸೇರಿದೆ, 2024ರಲ್ಲಿ ಮುಗಿಸಿದೆ. ಮೂರು ವರ್ಷವೂ ಬೆಳಿಗ್ಗೆಯಿಂದ 5.30ರವರೆಗೆ ಆಫೀಸು, 6ರಿಂದ 9 ಕಾಲೇಜು, ವಾರಕ್ಕೆ ಆರು ದಿನ. ಈಗ ಯಾರಾದರೂ "ಟೈಮ್ ಹೇಗೆ ಹೊಂದಿಸಿದೆ?" ಅಂತ ಕೇಳಿದರೆ ನನಗೆ ನಗು ಬರುತ್ತದೆ. ದಿನವನ್ನು ಯಾರೂ ಹೊಂದಿಸಲು ಆಗಲ್ಲ. ಅದು ಮೊದಲೇ ತುಂಬಿಹೋಗಿರುತ್ತದೆ. ನನಗೆ ಏಟು ಬಿದ್ದಾಗೆಲ್ಲ ಎರಡು ತಾರೀಖು ಡಿಕ್ಕಿ ಹೊಡೆದಿದ್ದವು. ಆದ್ದರಿಂದ ನಾನು ಹೇಳಿಕೊಡುವುದು ಜಾಸ್ತಿ ತಾರೀಖಿನ ವಿಷಯವೇ.

ಮೊದಲು ಕಾಲೇಜು ಎಲ್ಲಿರಬೇಕು

ಮನೆಗೆ ಹತ್ತಿರ ಇರುವ ಕಾಲೇಜು ಹುಡುಕಬೇಡಿ. ಆಫೀಸಿಗೆ ಹತ್ತಿರ ಇರುವುದನ್ನು ಹುಡುಕಿ. ನಮ್ಮ ಮನೆ ದಾಸರಹಳ್ಳಿಯಲ್ಲಿ. ಅಮ್ಮ ಅಲ್ಲೇ ಸುತ್ತಮುತ್ತ ಸೇರು ಅಂದರು. ಸಂಜೆ ಐದೂವರೆಗೆ ಗಾಂಧಿನಗರ ಬಿಟ್ಟು ತುಮಕೂರು ರಸ್ತೆ ಹಿಡಿದು, ಗೊರಗುಂಟೆಪಾಳ್ಯ ಸಿಗ್ನಲ್ ದಾಟಿ ಆರು ಗಂಟೆಗೆ ಕ್ಲಾಸಿನಲ್ಲಿ ಕೂರುವುದು ಅಂದರೆ ಅದು ಕನಸು. ನಾನು ಸೇರಿದ ಕಾಲೇಜು ಆಫೀಸಿನ ಪಕ್ಕದ ಮೆಜೆಸ್ಟಿಕ್‌ನಿಂದ ಮೆಟ್ರೋದಲ್ಲಿ ಒಂದೇ ಸ್ಟೇಷನ್, ಸಂಪಿಗೆ ರಸ್ತೆ. ಮಳೆ ಇಲ್ಲದಿದ್ದರೆ ನಡೆದೇ ಹೋಗುತ್ತಿದ್ದೆ. ರಾತ್ರಿ ಮನೆ ದೂರ ಇದ್ದರೆ ಪರವಾಗಿಲ್ಲ, ಆಗ ಯಾರೂ ಹಾಜರಿ ಕರೆಯಲ್ಲ.

ಬೆಂಗಳೂರಿನಲ್ಲಿ ಸಂಜೆ ಕಾಲೇಜುಗಳಿಗೆ ಬರ ಇಲ್ಲ. ಬಸವನಗುಡಿ, ಜಯನಗರ, ಶೇಷಾದ್ರಿಪುರಂ, ಮ್ಯೂಸಿಯಂ ರಸ್ತೆ ಕಡೆಗಳಲ್ಲಿ ಹಳೆಯ ಹೆಸರಿನವೇ ಇವೆ. ಸಿಲಬಸ್ಸು ಹಗಲು ಕಾಲೇಜಿನದ್ದೇ, ಪರೀಕ್ಷೆ ಅದೇ, ಮಾರ್ಕ್ಸ್ ಕಾರ್ಡೂ ಅದೇ. "ಸಂಜೆ ಕಾಲೇಜು ಅಂದ್ರೆ ಸುಲಭ" ಅನ್ನುವವರು ಒಂದು ಶುಕ್ರವಾರ ರಾತ್ರಿ ಎಂಟೂವರೆಗೆ ಕಾಸ್ಟಿಂಗ್ ಕ್ಲಾಸಿನಲ್ಲಿ ಕೂತು ನೋಡಲಿ.

ಇನ್ನೊಂದು ಜಾತಿ ಇದೆ. "ಹಗಲು ಕಾಲೇಜಿಗೇ ಅಡ್ಮಿಷನ್ ಮಾಡಿಸ್ತೀವಿ, ಅಟೆಂಡೆನ್ಸ್ ನಾವು ನೋಡ್ಕೋತೀವಿ, ಎಕ್ಸಾಮ್‌ಗೆ ಮಾತ್ರ ಬನ್ನಿ" ಅನ್ನುವವರು. ದುಡ್ಡು ತಗೊಳ್ಳುವಾಗ ಸಿಗುತ್ತಾರೆ. ಹಾಲ್ ಟಿಕೆಟ್ ಬರದಿದ್ದಾಗ ಫೋನ್ ಎತ್ತಲ್ಲ. ಅವರ ಸಹವಾಸ ಬೇಡ.

ನಿಮ್ಮ ಕೆಲಸ ಸಂಜೆ ಆರಕ್ಕೆ ಮುಗಿಯುವುದೇ ಇಲ್ಲ ಅಂದರೆ, ಅಥವಾ ವಾರ ವಾರ ಶಿಫ್ಟ್ ಬದಲಾಗುತ್ತೆ ಅಂದರೆ, ಹಠ ಮಾಡಬೇಡಿ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಇದೆ, ಇಗ್ನೋ ಇದೆ. ದಿನಾ ಹಾಜರಿ ಕೊಡಬೇಕಿಲ್ಲ, ಡಿಗ್ರಿಗೆ ಬೆಲೆ ಇದೆ. ನನ್ನ ಚಿಕ್ಕಪ್ಪನ ಮಗ ರಾತ್ರಿ ಪಾಳಿ ಮಾಡಿ ಹಗಲು ಕಾಲೇಜಿಗೆ ಹೋಗುತ್ತೀನಿ ಅಂತ ಹೊರಟ. ನಾಲ್ಕೇ ತಿಂಗಳು. ಎರಡನೇ ಪೀರಿಯಡ್ಡಿನಲ್ಲಿ ಡೆಸ್ಕಿನ ಮೇಲೆ ಮಲಗಿದವನನ್ನು ಎಬ್ಬಿಸುವುದೇ ಅವನ ಗೆಳೆಯರಿಗೆ ಕೆಲಸ ಆಗಿತ್ತು. ನಿದ್ದೆ ಕದ್ದು ಓದುವ ಪ್ಲಾನು ಯಾವುದನ್ನೂ ನಾನು ನಂಬಲ್ಲ.

ಒಂದೇ ಕ್ಯಾಲೆಂಡರು, ಎರಡು ಪೆನ್ನು

ಆ ಜುಲೈ ಆದಮೇಲೆ ನಾನು ಮಾಡಿದ ಮೊದಲ ಕೆಲಸ ಇದು. ಅಡುಗೆಮನೆ ಬಾಗಿಲ ಹಿಂದೆ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ತೂಗುಹಾಕಿತ್ತು. ಅಮ್ಮ ಅದರಲ್ಲಿ ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನ, ಏಕಾದಶಿ ನೋಡುತ್ತಿದ್ದರು. ಅದರಲ್ಲೇ ಕೆಂಪು ಪೆನ್ನಿನಲ್ಲಿ ಆಫೀಸು, ನೀಲಿಯಲ್ಲಿ ಕಾಲೇಜು ಬರೆಯತೊಡಗಿದೆ.

ಆಡಿಟರ್ ಆಫೀಸಿನವರಿಗೆ ಕೆಂಪು ಹುಡುಕುವುದು ಸುಲಭ. ಏಪ್ರಿಲ್ ಬಿಟ್ಟು ಪ್ರತಿ ತಿಂಗಳು 7ಕ್ಕೆ ಟಿಡಿಎಸ್, ಅಂದರೆ ದುಡ್ಡು ಕೊಡುವಾಗಲೇ ಹಿಡಿದಿಟ್ಟ ತೆರಿಗೆ, ಕಟ್ಟಬೇಕು. ತಿಂಗಳು ತಿಂಗಳು 11ಕ್ಕೆ ಜಿಎಸ್‌ಟಿಆರ್-1, ಅಂದರೆ ಮಾರಾಟದ ವಿವರ. 15ಕ್ಕೆ ಪಿಎಫ್, ಇಎಸ್‌ಐ. 20ಕ್ಕೆ ಜಿಎಸ್‌ಟಿಆರ್-3ಬಿ, ಅಂದರೆ ಜಿಎಸ್‌ಟಿ ಕಟ್ಟುವ ರಿಟರ್ನ್. ಅದರ ಮೇಲೆ ಜುಲೈ 31, ಸೆಪ್ಟೆಂಬರ್ 30ರ ಟ್ಯಾಕ್ಸ್ ಆಡಿಟ್, ಡಿಸೆಂಬರ್ 31ರ ಜಿಎಸ್‌ಟಿ ವಾರ್ಷಿಕ ರಿಟರ್ನ್. ಇವು ವರ್ಷದ ಮೊದಲೇ ಗೊತ್ತು. ಮುಂದಕ್ಕೆ ಹೋದರೆ ಹಬ್ಬ ಅಂದುಕೊಳ್ಳಿ, ಹೋಗುತ್ತೆ ಅಂತ ನಂಬಿ ಕೂರಬೇಡಿ.

ನಿಮ್ಮದು ಬೇರೆ ಕೆಲಸ ಇರಬಹುದು. ಚಿಕ್ಕಪೇಟೆಯ ಸೀರೆ ಅಂಗಡಿ ಆದರೆ ವರಮಹಾಲಕ್ಷ್ಮಿಯಿಂದ ದೀಪಾವಳಿವರೆಗೆ ಕೆಂಪೋ ಕೆಂಪು. ಆಸ್ಪತ್ರೆ ಆದರೆ ಡ್ಯೂಟಿ ರೋಸ್ಟರ್. ಯಾವ ಕೆಲಸಕ್ಕೂ ಒಂದು ಸುಗ್ಗಿ ಇರುತ್ತದೆ. ಕಳೆದ ವರ್ಷ ಯಾವ ಯಾವ ದಿನ ತಡವಾಗಿ ಮನೆಗೆ ಬಂದಿರಿ ಅಂತ ಮನೆಯವರನ್ನು ಕೇಳಿ. ಅವರಿಗೆ ನಿಮಗಿಂತ ಚೆನ್ನಾಗಿ ನೆನಪಿರುತ್ತದೆ.

ನೀಲಿ ಕಷ್ಟ. ಕಾಲೇಜಿನ ತಾರೀಖು ತಡವಾಗಿ ಬರುತ್ತದೆ, ಬಂದಮೇಲೂ ಬದಲಾಗುತ್ತದೆ. ಗ್ರೂಪನ್ನು ನಂಬಿದರೆ ನನ್ನ ಗತಿಯೇ. ಹಾಗಾಗಿ ವಾರಕ್ಕೆ ಎರಡು ದಿನ, ಮಂಗಳವಾರ ಮತ್ತು ಶುಕ್ರವಾರ, ಕ್ಲಾಸಿಗೆ ಹೋಗುವ ಮೊದಲು ನೋಟಿಸ್ ಬೋರ್ಡಿನ ಮುಂದೆ ನಿಂತು ಫೋಟೋ ತೆಗೆಯುತ್ತಿದ್ದೆ. ಪರೀಕ್ಷೆ ಫೀಸು ಕಟ್ಟುವುದು, ಹಾಲ್ ಟಿಕೆಟ್, ಫಲಿತಾಂಶ ಎಲ್ಲ ಯುಯುಸಿಎಂಎಸ್ ಅನ್ನುವ ಸರ್ಕಾರಿ ವೆಬ್‌ಸೈಟಿನಲ್ಲೇ. ಅದರ ಪಾಸ್‌ವರ್ಡ್ ಮರೆತು ಕೊನೇ ದಿನ ಒದ್ದಾಡಿದವರು ನಮ್ಮ ಕ್ಲಾಸಿನಲ್ಲೇ ಆರು ಜನ. ಕ್ಯಾಲೆಂಡರಿನ ಹಿಂದೆ ಬರೆದಿಟ್ಟುಕೊಳ್ಳಿ.

ಕೆಂಪು, ನೀಲಿ ಒಂದೇ ಚೌಕದಲ್ಲಿ ಬಿದ್ದ ದಿನ ಇದೆಯಲ್ಲ, ನಿಮ್ಮ ಕೆಲಸವೆಲ್ಲ ಅಲ್ಲೇ. ಸೆಮಿಸ್ಟರ್‌ಗೆ ನಾಲ್ಕೋ ಐದೋ ಬರುತ್ತವೆ ಅಷ್ಟೆ. ಮಿಕ್ಕ ದಿನಗಳು ಹೇಗೋ ನಡೆಯುತ್ತವೆ.

ಸಾರ್ ಹತ್ತಿರ ಮಾತಾಡುವುದು

ಮೊದಲ ವರ್ಷ ನಾನು ಕಾಲೇಜಿಗೆ ಸೇರಿದ್ದನ್ನೇ ಆಫೀಸಿನಲ್ಲಿ ಮುಚ್ಚಿಟ್ಟಿದ್ದೆ. ಕೆಲಸದಿಂದ ತೆಗೆದರೆ ಅನ್ನುವ ಭಯ. ದಿನಾ ಐದೂಕಾಲಿಗೆ ಬ್ಯಾಗು ಜೋಡಿಸಿ, ಸಾರ್ ಕ್ಯಾಬಿನ್ ಕಡೆ ನೋಡುತ್ತಾ, ಕಳ್ಳಿ ಥರ ಜಾರಿಕೊಳ್ಳುತ್ತಿದ್ದೆ. ಟೆಸ್ಟ್ ತಪ್ಪಿದಮೇಲೆ ಧೈರ್ಯ ಮಾಡಿ ಹೋದೆ. ಆ ಮಾತು ಹೆಚ್ಚುಕಡಿಮೆ ಹೀಗಿತ್ತು.

"ಸಾರ್, ಸಂಜೆ ಕಾಲೇಜಿಗೆ ಹೋಗ್ತಿದ್ದೀನಿ. ಬಿ.ಕಾಂ."

"ಗೊತ್ತಮ್ಮ. ದಿನಾ ಓಡ್ತೀಯಲ್ಲ. ಏನೀಗ?"

"ಐದೂವರೆಗೆ ಬಿಡಬೇಕು ಸಾರ್. ಬೆಳಿಗ್ಗೆ ಒಂಬತ್ತೂವರೆ ಬದಲು ಒಂಬತ್ತಕ್ಕೇ ಬರ್ತೀನಿ."

"ಡ್ಯೂ ಡೇಟ್ ದಿನ ಏನ್ಮಾಡ್ತೀಯ?"

"ಹನ್ನೊಂದು, ಇಪ್ಪತ್ತು ಎರಡೂ ದಿನ ಎಷ್ಟೊತ್ತಾದರೂ ಇರ್ತೀನಿ. ಪರೀಕ್ಷೆ ಟೈಮಲ್ಲಿ ಮಾತ್ರ ರಜೆ ಬೇಕು. ತಾರೀಖು ಬಂದ ದಿನವೇ ಚೀಟಿ ಕೊಡ್ತೀನಿ."

ಅವರು ಕ್ಯಾಲೆಂಡರ್ ನೋಡಿದರು. "ಸೆಪ್ಟೆಂಬರ್ ಕೊನೇ ವಾರ ರಜೆ ಕೇಳಬೇಡ" ಅಂದರು. ಅಷ್ಟೇ.

ಇದರಲ್ಲಿ ಗಮನಿಸಿ. "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ ಸಾರ್" ಅಂತ ಕೇಳಿದ್ದರೆ ಅವರು "ನೋಡೋಣ" ಅನ್ನುತ್ತಿದ್ದರು. ನೋಡೋಣ ಅಂದರೆ ಇಲ್ಲ ಅಂತ. ತಾರೀಖು ಕೊಟ್ಟು ತಾರೀಖು ಕೇಳಿದರೆ ಅದು ವ್ಯಾಪಾರ, ಅವರಿಗೂ ಅರ್ಥ ಆಗುತ್ತದೆ.

ಪರೀಕ್ಷೆ ಮಾತು ಮೊದಲೇ ಆಡಲೇಬೇಕು. ಕ್ಲಾಸು ಸಂಜೆ ಇದ್ದರೂ ನಮಗೆ ವಿಶ್ವವಿದ್ಯಾಲಯದ ಪರೀಕ್ಷೆ ಹಗಲು ಹೊತ್ತಿನಲ್ಲೇ. ಸೆಂಟರು ಬೇರೆ ಕಾಲೇಜೂ ಆಗಬಹುದು. ಪೇಪರುಗಳು ಎರಡು ಮೂರು ವಾರ ಹರಡಿಕೊಂಡಿರುತ್ತವೆ. ಸೇರುವಾಗ ಇದನ್ನು ನನಗೆ ಯಾರೂ ಹೇಳಿರಲಿಲ್ಲ. ವರ್ಷದ ರಜೆಯನ್ನೆಲ್ಲ ಊರ ಹಬ್ಬಕ್ಕೂ ಮದುವೆಗೂ ಖರ್ಚು ಮಾಡಿ ಕೂತಿದ್ದೆ. ಆಮೇಲಿನ ಎರಡು ವರ್ಷ ನಾನು ಯಾರ ಮದುವೆಗೂ ಮುಹೂರ್ತಕ್ಕೆ ಹೋಗಲಿಲ್ಲ, ರಿಸೆಪ್ಷನ್‌ಗೆ ಮಾತ್ರ. ಅದಕ್ಕೆ ಇವತ್ತಿಗೂ ಸೋದರತ್ತೆಗೆ ಕೋಪ ಇದೆ.

ಪಕ್ಕದ ಟೇಬಲ್ಲಿನವರನ್ನೂ ಮರೆಯಬೇಡಿ. ನಾನು ಎದ್ದು ಹೋದಮೇಲೆ ಬರುವ ಕ್ಲೈಂಟ್ ಫೋನುಗಳನ್ನು ಎತ್ತುತ್ತಿದ್ದವರು ನಮ್ಮ ಆಫೀಸಿನ ಅಕ್ಕ. ಅದಕ್ಕೆ ಬದಲಾಗಿ ಬೆಳಿಗ್ಗೆ ಬ್ಯಾಂಕ್ ಎಂಟ್ರಿ ಎಲ್ಲ ನಾನೇ ಮುಗಿಸಿ ಇಡುತ್ತಿದ್ದೆ. ಅವರ ಮಗಳ ಸ್ಕೂಲ್ ಮೀಟಿಂಗ್ ಇದ್ದರೆ ಅವರ ಫೈಲೂ ನನ್ನದೇ. ಸುಮ್ನೆ ಥ್ಯಾಂಕ್ಸ್ ಅಂದರೆ ಮೂರು ವರ್ಷ ನಡೆಯಲ್ಲ.

ಹಾಜರಿ ಅನ್ನುವ ಬ್ಯಾಂಕ್ ಬ್ಯಾಲೆನ್ಸ್

75 ಪರ್ಸೆಂಟ್ ಅಂತ ಎಲ್ಲರಿಗೂ ಗೊತ್ತು. ಆದರೆ ಲೆಕ್ಕ ಯಾರೂ ಹಾಕಲ್ಲ. ಒಂದು ಸಬ್ಜೆಕ್ಟಿಗೆ ವಾರಕ್ಕೆ 4 ಕ್ಲಾಸು, 16 ವಾರ. ಒಟ್ಟು 64. ಅದರಲ್ಲಿ 48 ಇರಲೇಬೇಕು. ಅಂದರೆ ನಿಮ್ಮ ಖಾತೆಯಲ್ಲಿ 16 ಕ್ಲಾಸು ಇದೆ. ತಿಂಗಳಿಗೆ ಎರಡು ಡ್ಯೂ ಡೇಟ್ ಅಂದರೂ ನಾಲ್ಕು ತಿಂಗಳಿಗೆ 8 ಹೋಯಿತು. ಒಂದು ಜ್ವರಕ್ಕೆ 4. ಉಳಿದದ್ದು ನಾಲ್ಕೇ ನಾಲ್ಕು. ಬೋರ್ ಆಯಿತು ಅಂತ, ಗೆಳತಿ ಹುಟ್ಟುಹಬ್ಬ ಅಂತ, ಖರ್ಚು ಮಾಡಲು ಅಲ್ಲಿ ಏನೂ ಇಲ್ಲ.

ಇನ್ನೂ ಒಂದು ಮೋಸ ಇದೆ. ನಮ್ಮಲ್ಲಿ ಹಾಜರಿ ಎಣಿಸುತ್ತಿದ್ದದ್ದು ಸಬ್ಜೆಕ್ಟ್ ಲೆಕ್ಕದಲ್ಲಿ. ನಾನು ಮೂರನೇ ಸೆಮಿಸ್ಟರಿನಲ್ಲಿ ಬಹಳ ಹುಷಾರಾಗಿದ್ದೆ, ಡ್ಯೂ ಡೇಟ್ ಬಿಟ್ಟರೆ ಒಂದು ದಿನವೂ ಪೂರ್ತಿ ತಪ್ಪಿಸಲಿಲ್ಲ. ರಾತ್ರಿ ಮಾತ್ರ ಎಂಟೂಕಾಲಿಗೆ ಎದ್ದುಬಿಡುತ್ತಿದ್ದೆ, ವಾರಕ್ಕೆ ಒಂದೆರಡು ಸಲ. ಬೇಗ ಮನೆ ಸೇರಬಹುದಲ್ಲ ಅಂತ. ಸೆಮಿಸ್ಟರ್ ಕೊನೆಗೆ ಪಟ್ಟಿ ಹಾಕಿದರು. ಎಲ್ಲದರಲ್ಲೂ 80ರ ಮೇಲೆ. ಒಂದರಲ್ಲಿ 68. ಯಾವುದು ಅಂತ ನೋಡಿದರೆ ಅದೇ, ಕೊನೇ ಪೀರಿಯಡ್ಡಿಗೆ ಜಾಸ್ತಿ ಬರುತ್ತಿದ್ದ ಸಬ್ಜೆಕ್ಟು. ಕೊನೆಯ ಎರಡು ವಾರ ಸ್ಪೆಷಲ್ ಕ್ಲಾಸಿಗೆಲ್ಲ ಕೂತು, ಅಸೈನ್‌ಮೆಂಟ್ ಜಾಸ್ತಿ ಬರೆದು, ಹೇಗೋ ದಾಟಿಕೊಂಡೆ. ಆಫೀಸಿನಿಂದ ತಡವಾಗಿ ಬರುವ ಹುಡುಗರಿಗೆ ಇದೇ ಕಥೆ ಮೊದಲ ಪೀರಿಯಡ್ಡಿನಲ್ಲಿ ಆಗುತ್ತಿತ್ತು.

ಟೈಮ್‌ಟೇಬಲ್ ಬಂದ ದಿನವೇ ನೋಡಿ. ಕೊನೇ ಪೀರಿಯಡ್ಡು ಯಾವುದು, ಮೊದಲನೆಯದು ಯಾವುದು. ನಿಮ್ಮ ಅಂಕ ಸೋರುವುದು ಆ ಎರಡು ತೂತಿನಲ್ಲಿ.

ಓದುವುದು ಯಾವಾಗ

ರಾತ್ರಿ ಒಂಬತ್ತೂಕಾಲಿಗೆ ಸಂಪಿಗೆ ರಸ್ತೆಯಲ್ಲಿ ಮೆಟ್ರೋ ಹತ್ತಿದರೆ ದಾಸರಹಳ್ಳಿ ಹನ್ನೊಂದನೇ ಸ್ಟೇಷನ್. ಯಶವಂತಪುರದ ಹೊತ್ತಿಗೆ ಸೀಟು ಸಿಗುತ್ತಿತ್ತು. ಅಲ್ಲಿಂದ ಆಚೆ ಐದು ಸ್ಟೇಷನ್ ಥಿಯರಿ. ಅವತ್ತು ಕ್ಲಾಸಿನಲ್ಲಿ ಹೇಳಿದ್ದರಲ್ಲಿ ಒಂದೇ ಪ್ರಶ್ನೆ, ಹಳೇ ಬಿಲ್ಲಿನ ಹಿಂಭಾಗದಲ್ಲಿ ಐದು ಪಾಯಿಂಟು. ಮನೆಗೆ ಹೋಗಿ ಮುದ್ದೆಯೋ ಅನ್ನವೋ ತಿಂದು ಮಲಗುವುದು. ಹತ್ತರ ಮೇಲೆ ಪುಸ್ತಕ ಮುಟ್ಟಿದರೆ ಕಣ್ಣು ಮಾತ್ರ ಓದುತ್ತದೆ.

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಮೇಲೆ ಬೆಳಿಗ್ಗೆ ಬಸ್ಸಿಗೆ ಬದಲಾದೆ. ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡು ಇಲ್ಲ, ನಿಧಾನ ಆದರೂ ಬೆಳಿಗ್ಗೆ ಅಷ್ಟು ಅವಸರ ಇರಲ್ಲ. ರಾತ್ರಿ ಮಾತ್ರ ದುಡ್ಡು ಕೊಟ್ಟು ಮೆಟ್ರೋನೇ. ಹುಡುಗಿಯರಿಗೆ ಹೇಳುವುದೇನೆಂದರೆ, ರಾತ್ರಿಯ ಮೆಟ್ರೋ ದುಡ್ಡು ಉಳಿಸಲು ಹೋಗಬೇಡಿ.

ಲೆಕ್ಕ ಬಿಡಿಸುವುದೆಲ್ಲ ಬೆಳಿಗ್ಗೆ. ನಮ್ಮ ಬೀದಿಗೆ ಕಾವೇರಿ ನೀರು ದಿನ ಬಿಟ್ಟು ದಿನ, ಬೆಳಗಿನ ಜಾವ. ಮೊದಲು ಅಮ್ಮ ಎದ್ದು ಹಿಡಿಯುತ್ತಿದ್ದರು. ಆ ಕೆಲಸ ನಾನು ಕೇಳಿ ತೆಗೆದುಕೊಂಡೆ. ಹೇಗೂ ಏಳಬೇಕು. ಡ್ರಮ್ಮಿಗೆ ಪೈಪು ಬಿಟ್ಟು ಮೆಟ್ಟಿಲ ಮೇಲೆ ಕೂತರೆ, ಡ್ರಮ್ ತುಂಬುವಷ್ಟರಲ್ಲಿ ಒಂದು ಪ್ರಾಬ್ಲಮ್ ಮುಗಿಯಬೇಕು. ನೀರಿನ ಸದ್ದು ಸಣ್ಣಗಾಗುತ್ತಾ ಬಂದರೆ ಟೈಮ್ ಆಯಿತು ಅಂತ. ಆಮೇಲೆ ಪೈಪು ಸಿಂಟೆಕ್ಸ್‌ಗೆ, ಎರಡನೇ ಪ್ರಾಬ್ಲಮ್. ಒಂದು ಸಲ ಕಂಪನಿ ಅಕೌಂಟ್ಸ್‌ನಲ್ಲಿ ಬ್ಯಾಲೆನ್ಸ್ ಶೀಟ್ ಎರಡೂ ಕಡೆ ಸರಿಹೋಗದೆ ಅದರಲ್ಲೇ ಮುಳುಗಿ, ನೀರು ಹೊರಗೆ ಹರಿದು ಪಕ್ಕದ ಮನೆ ರಂಗೋಲಿ ಅಳಿಸಿತು. ಬೈಗುಳ ತಿಂದೆ. ವ್ಯತ್ಯಾಸ 450 ರೂಪಾಯಿ, ಅದು ಸವಕಳಿಯಲ್ಲಿತ್ತು.

ಅಕೌಂಟ್ಸ್ ಕೆಲಸ ಮಾಡುವವರಿಗೆ ಒಂದು ಎಚ್ಚರಿಕೆ. ನಾವು ಇದನ್ನೇ ದಿನಾ ಮಾಡುತ್ತೇವೆ, ಓದಬೇಕಿಲ್ಲ ಅಂತ ಅನಿಸುತ್ತದೆ. ಟ್ಯಾಲಿ ಅನ್ನುವ ಸಾಫ್ಟ್‌ವೇರಿನಲ್ಲಿ ವೋಚರ್ ಹಾಕಿದರೆ ಲೆಡ್ಜರ್ ತಾನೇ ಆಗುತ್ತದೆ. ಪರೀಕ್ಷೆಯಲ್ಲಿ ಗೆರೆ ಎಳೆದು, ಎಡಕ್ಕೆ 'ಟು', ಬಲಕ್ಕೆ 'ಬೈ' ಬರೆದು, ಬ್ಯಾಲೆನ್ಸ್ ಕೆಳಗಿಳಿಸಬೇಕು. ಮೊದಲ ಸೆಮಿಸ್ಟರಿನಲ್ಲಿ ನನಗೆ ಕಡಿಮೆ ಅಂಕ ಬಂದದ್ದು ಅಕೌಂಟ್ಸ್‌ನಲ್ಲೇ! ಆಫೀಸಿನಲ್ಲಿ ಹೇಳಲು ನಾಚಿಕೆ. ಕೈಯೂ ಮರೆತಿರುತ್ತದೆ. ವರ್ಷವೆಲ್ಲ ಕೀಬೋರ್ಡ್ ಒತ್ತಿದ ಕೈಗೆ ಎರಡೂವರೆ ಗಂಟೆ ಪೆನ್ನು ಹಿಡಿಯುವುದು ಅಂದರೆ ಮುಕ್ಕಾಲು ಗಂಟೆಗೇ ಹೆಬ್ಬೆರಳ ಬುಡ ಸೆಳೆಯುತ್ತದೆ. ಪರೀಕ್ಷೆಗೆ ಮೊದಲು ಎರಡು ಭಾನುವಾರ ಹಳೇ ಪ್ರಶ್ನೆಪತ್ರಿಕೆ ಇಟ್ಟುಕೊಂಡು ಪೂರ್ತಿ ಬರೆಯಿರಿ, ಎದ್ದೇಳದೆ.

ಭಾನುವಾರ ಅಂದೆನಲ್ಲ. ಪರೀಕ್ಷೆ ಹತ್ತಿರ ಇಲ್ಲದಿದ್ದರೆ ಭಾನುವಾರ ನಾನು ಓದುತ್ತಿರಲಿಲ್ಲ. ಬಟ್ಟೆ ಒಗೆದು, ತಲೆಗೆ ಎಣ್ಣೆ ಹಾಕಿಸಿಕೊಂಡು, ಮಧ್ಯಾಹ್ನ ನಿದ್ದೆ.

ಐದೂವರೆಯ ಹೊಟ್ಟೆ

ಇದು ಸಣ್ಣ ವಿಷಯ ಅನಿಸಬಹುದು. ಮಧ್ಯಾಹ್ನ ಒಂದಕ್ಕೆ ಡಬ್ಬಿ ತಿಂದವರು ರಾತ್ರಿ ಹತ್ತರವರೆಗೆ ಖಾಲಿ ಹೊಟ್ಟೆಯಲ್ಲಿ ಇರಲು ಆಗಲ್ಲ. ಪೂರಿ, ಮಸಾಲೆ ದೋಸೆ ತಿಂದರೆ ಏಳು ಗಂಟೆಗೆ ಕಣ್ಣು ಮುಚ್ಚುತ್ತದೆ. ನಾನೂ ಗೆಳತಿಯೂ ದರ್ಶಿನಿಯಲ್ಲಿ ಒಂದೊಂದು ಇಡ್ಲಿ, ಒಂದು ಬೈಟು ಕಾಫಿ. ತಿಂಗಳ ಕೊನೆಯಲ್ಲಿ ಬರೀ ಕಾಫಿ, ಜೊತೆಗೆ ಅಮ್ಮ ಕಟ್ಟಿಕೊಟ್ಟ ಹುರಿಗಡಲೆ. ಅವಳು ಗಾರ್ಮೆಂಟ್ಸ್ ಕಂಪನಿಯಲ್ಲಿ ಸೂಪರ್‌ವೈಸರ್. ನಾನು ಬರದ ದಿನದ ನೋಟ್ಸ್ ಅವಳದ್ದು, ಅವಳು ಬರದ ದಿನದ್ದು ನನ್ನದು. ಇಬ್ಬರೂ ಒಂದೇ ಆಫೀಸಿನವರಾದರೆ ಇದು ನಡೆಯಲ್ಲ, ಒಂದೇ ದಿನ ಇಬ್ಬರೂ ಸಿಕ್ಕಿಹಾಕಿಕೊಳ್ಳುತ್ತೀರಿ. ಬೇರೆ ಸುಗ್ಗಿ ಇರುವವರನ್ನು ಗೆಳೆಯರನ್ನಾಗಿ ಮಾಡಿಕೊಳ್ಳಿ.

ಮೇಷ್ಟ್ರುಗಳ ಹತ್ತಿರವೂ ಮೊದಲೇ ಹೇಳುವುದು ಒಳ್ಳೆಯದು. ಎರಡನೇ ವರ್ಷ ಸೆಮಿಸ್ಟರ್ ಶುರುವಾದ ವಾರವೇ ನನ್ನ ಕೆಂಪು ತಾರೀಖುಗಳ ಚೀಟಿ ಮಾಡಿ ಕೊಟ್ಟೆ. ಒಬ್ಬರು ಅದನ್ನು ನೋಡಿ, ಟೆಸ್ಟನ್ನು ಇಪ್ಪತ್ತರಿಂದ ಇಪ್ಪತ್ತೆರಡಕ್ಕೆ ಹಾಕಿದರು. ಕ್ಲಾಸಿನಲ್ಲಿ ಅರ್ಧ ಜನ ಅಕೌಂಟ್ಸ್ ಕೆಲಸದವರೇ ಇದ್ದರು, ಕೇಳಿದ್ದು ಮಾತ್ರ ನಾನೊಬ್ಬಳು. ಟೆಸ್ಟ್ ತಪ್ಪಿದಮೇಲೆ ಕೇಳಿದರೆ ಅದು ನೆಪ, ತಪ್ಪುವ ಮೊದಲು ಕೇಳಿದರೆ ಮಾಹಿತಿ.

ಈ ವರ್ಷ ನಮ್ಮ ಆಫೀಸಿಗೆ ಒಬ್ಬ ಹುಡುಗ ಸೇರಿದ್ದಾನೆ, ಮಾಗಡಿ ಕಡೆಯವನು. ಸಂಜೆ ಕಾಲೇಜಿಗೂ ಸೇರಿದ್ದಾನೆ. ಸಾರ್ ಹತ್ತಿರ ಹೇಳಿದ್ದೀಯಾ ಅಂದೆ, ಹೇಳಿದ್ದೀನಿ ಅಕ್ಕ ಅಂದ. ಈಗ ಇಂಟರ್ನಲ್ಸ್‌ಗೂ ಪರೀಕ್ಷೆಗೂ ಅಂಕ ಹಂಚುವ ಪದ್ಧತಿ ನಮ್ಮ ಕಾಲದ್ದಲ್ಲ, ಅದನ್ನೂ ಕೇಳಿಕೊಂಡು ಬಂದಿದ್ದಾನೆ. ಪರವಾಗಿಲ್ಲ ಅಂದುಕೊಂಡೆ.

"ಕೊನೇ ಪೀರಿಯಡ್ ಯಾವುದು?"

"ನೋಡಿಲ್ಲ ಅಕ್ಕ."

ನಾಳೆ ನೋಡಿಕೊಂಡು ಬಾ ಅಂದಿದ್ದೇನೆ.